ಸೆಲ್ಮರನ ಎಡಗಿವಿ

ಶೆಡ್ಡಿನ ಬಾಗಿಲಲ್ಲಿ ಆರ್ಲಿಸ್ ನಿಂತಿದ್ದಳು. ಬಲಗೈ ಪ್ಲಾಸ್ಟರಿನಲ್ಲಿತ್ತು, ಮುಖ ಬಿಗಿದುಕೊಂಡಿತ್ತು.

"ಬಾ ಸೆಲ್ಮರ್. ಎಡಗೈ ಇನ್ನೂ ಉಳಿದಿದೆ. ಅದನ್ನೂ ಮುರಿದು ಹೋಗು."

ಸೆಲ್ಮರ್ ಟೋಪಿ ತೆಗೆದು ಅವಳ ಪ್ಲಾಸ್ಟರನ್ನು ನೋಡಿದ. ಟ್ರ್ಯಾಕ್ಟರಿನತ್ತ ನಡೆದ.

ಅಪ್ಪ ತೀರಿಕೊಂಡ ಮೇಲೆ ಆರ್ಲಿಸ್ ಮತ್ತು ಅವಳಮ್ಮ ಬೊರ್ಗಿಲ್ಡ್ ಇಬ್ಬರೇ ಆ ಬಯಲಿನಲ್ಲಿ ಸಕ್ಕರೆ ಬೀಟ್ ಗೆಡ್ಡೆ ಬೆಳೆಯುತ್ತಿದ್ದರು. ಇದ್ದದ್ದೊಂದೇ ಹಳೆಯ ಪೆಟ್ರೋಲ್ ಟ್ರ್ಯಾಕ್ಟರ್. ಅದರ ಟೈಮಿಂಗನ್ನು, ಅಂದರೆ ಎಂಜಿನ್ನಿನಲ್ಲಿ ಕಿಡಿ ಹಾರುವ ಗಳಿಗೆಯನ್ನು, ಸೆಪ್ಟೆಂಬರಿನಲ್ಲಿ ಕೂಡಿಸಿದವನು ಊರಿನ ಮೆಕ್ಯಾನಿಕ್ ಸೆಲ್ಮರ್. ಕಳೆದ ವಾರ ಆರ್ಲಿಸ್ ಅದನ್ನು ಚಾಲೂ ಮಾಡಲು ಮುಂಭಾಗದ ಹ್ಯಾಂಡಲ್ ತಿರುಗಿಸಿದಾಗ ಕಿಡಿ ಮುಂಚೆಯೇ ಹೊತ್ತಿ, ಹ್ಯಾಂಡಲ್ ಹಿಂದಕ್ಕೆ ಹೊಡೆದು, ಮಣಿಕಟ್ಟು ಮುರಿದಿತ್ತು. ಈಗ ಅಕ್ಟೋಬರ್. ನೆಲ ಹೆಪ್ಪುಗಟ್ಟಿದರೆ ಗೆಡ್ಡೆಗಳೆಲ್ಲ ಮಣ್ಣಿನಲ್ಲೇ ಉಳಿಯುತ್ತಿದ್ದವು.

ಸೆಲ್ಮರ್ ಎಂಜಿನ್ ಚಾಲೂ ಮಾಡಿ, ವೇಗ ಏರಿಸಿ, ತಲೆ ವಾಲಿಸಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಮೆಲ್ಲಗೆ ತಿರುಗಿಸತೊಡಗಿದ. ಎಂಜಿನ್ನಿನ ಒಳಗಿನಿಂದ ಯಾರೋ ಸುತ್ತಿಗೆಯಲ್ಲಿ ಬಡಿದಂತೆ ಟಕಟಕ ಶಬ್ದ ಎದ್ದಿತು. ಕಿಡಿ ಮುಂಚೆಯೇ ಹಾರುತ್ತಿದೆ ಎಂಬುದರ ಗುರುತು ಅದು. ಅವನು ಅದೇ ಕಡೆಗೆ ಇನ್ನಷ್ಟು ತಿರುಗಿಸಿದ. ತೃಪ್ತಿಯಿಂದ ತಲೆಯಾಡಿಸಿದ.

ಆರ್ಲಿಸ್ ಅವನ ಬೆನ್ನಿಗೆ ಒರಗುವಷ್ಟು ಹತ್ತಿರ ಬಂದಳು.

"ಸಾಕು!"

ಅವನು ತಿರುಗಲಿಲ್ಲ.

"ಸೆಲ್ಮರ್, ನಿನ್ನ ಕೋಟಿಗೆ ಬೆಂಕಿ ಹತ್ತಿದೆ!" ಎಂದು ಬೇಕೆಂದೇ ಕೂಗಿದಳು.

ಅವನು ಶಾಂತವಾಗಿ ಸ್ಪ್ಯಾನರಿಗೆ ಕೈ ಚಾಚಿದ.

ಆರ್ಲಿಸ್‌ಳ ಸಿಟ್ಟು ನಿಂತಲ್ಲೇ ಕರಗಿತು. ಅವಳು ಎಂಜಿನ್ ಆರಿಸಿದಳು. ಅವನು ಗಾಬರಿಯಿಂದ ಅವಳತ್ತ ನೋಡಿದ. ಕಣ್ಣನ್ನಲ್ಲ, ತುಟಿಗಳನ್ನು.

"ಯಾವಾಗಿಂದ?"

ಅವನು ಸ್ಪ್ಯಾನರನ್ನು ಒರೆಸಿ ಕೆಳಗಿಟ್ಟ.

"ಬಲಗಿವಿ ಹೋಗಿ ಎರಡು ವರ್ಷ ಆಯ್ತು. ಎಡಗಡೇದು ಹೋಗ್ತಾ ಇದೆ. ಎದುರಿಗೆ ನಿಂತು ಮಾತಾಡಿದ್ರೆ ಗೊತ್ತಾಗುತ್ತೆ." ದನಿ ಇಳಿಯಿತು. "ಸೆಪ್ಟೆಂಬರಲ್ಲೂ ಟಕಟಕ ಬಡಿದಿರ್ಬೇಕು, ನಂಗೆ ಕೇಳಿಸಲೇ ಇಲ್ಲ ಆರ್ಲಿಸ್. ಕೇಳಿಸಿದವನ ಹಾಗೆ ತಲೆ ಆಡಿಸ್ದೆ. ನಿನ್ನ ಕೈ ಮುರಿದವನು ನಾನೇ."

ಅವಳು ಪೆಟ್ಟಿಗೆಯೊಂದರ ಮೇಲೆ ಕೂತಳು. ಅವಳ ಮನಸ್ಸು ಕೈಯನ್ನು ಬಿಟ್ಟು ಬೇರೆಲ್ಲೋ ಹೋಗಿತ್ತು.

ಜೂನ್ ತಿಂಗಳಲ್ಲಿ ಚರ್ಚಿನ ಊಟವಾದ ಮೇಲೆ ಇಬ್ಬರೂ ಅಕ್ಕಪಕ್ಕ ನಿಂತು ಕಾಫಿ ಕಪ್ ತೊಳೆದಿದ್ದರು. ಅವಳು ಅವನ ಬಲಕ್ಕಿದ್ದಳು. ನೊರೆಯ ನೀರನ್ನೇ ನೋಡುತ್ತ, ವರ್ಷಗಳಿಂದ ಒಳಗಿಟ್ಟುಕೊಂಡದ್ದನ್ನು ಕೇಳಿಬಿಟ್ಟಿದ್ದಳು: ನನ್ನನ್ನು ಮದುವೆಯಾಗ್ತೀಯಾ? ಅವನು ಕಪ್ ಒರೆಸಿ, "ಮಳೆ ಬರೋ ಹಾಗಿದೆ" ಎಂದು ಹೊರಟುಹೋಗಿದ್ದ. ಆ ಬೇಸಿಗೆಯೆಲ್ಲ ಅವಳು ಅವನಿಗೆ ಮುಖ ಕೊಟ್ಟಿರಲಿಲ್ಲ.

"ಜೂನ್‌ನಲ್ಲಿ ನಾನು ನಿನ್ನನ್ನ ಒಂದು ಮಾತು ಕೇಳಿದ್ದೆ," ಎಂದಳು.

"ಏನು?"

"ಮೊದಲು ಟ್ರ್ಯಾಕ್ಟರ್ ಸರಿ ಮಾಡು."

ಅವನು ಎಂಜಿನ್ನಿನ ಮೊದಲನೆಯ ಸ್ಪಾರ್ಕ್ ಪ್ಲಗ್ ಬಿಚ್ಚಿದ. ಆ ತೂತಿಗೆ ಅವಳ ಎಡಗೈ ಹೆಬ್ಬೆರಳನ್ನು ಒತ್ತಿಸಿ, ತಾನು ಮುಂದೆ ಹೋಗಿ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿದ. ಒಳಗಿನ ಗಾಳಿ ಹೆಬ್ಬೆರಳನ್ನು ಮೇಲಕ್ಕೆ ನೂಕಿತು. ಅವಳು ತಲೆಯಾಡಿಸಿದಳು. ಅವನು ಎಂಜಿನ್ನಿನ ಗುರುತಿಗೆ ಚಕ್ರದ ಗುರುತು ಕೂಡಿಸಿ ನಿಲ್ಲಿಸಿದ. ಕಿಡಿಗೆ ವಿದ್ಯುತ್ ಕಡಿಯುವ ಪಾಯಿಂಟಿಗೆ ಒಂದು ಪುಟ್ಟ ಬಲ್ಬು ಸಿಕ್ಕಿಸಿ, ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಸರಿಸಿದ. ಬಲ್ಬು ಹೊತ್ತಿತು. ಕಿಡಿ ಹಾರುವ ಗಳಿಗೆ ಅದೇ. ಅಲ್ಲೇ ಬಿಗಿದ.

"ಇದಕ್ಕೆ ಕಿವಿನೇ ಬೇಡವಲ್ಲೋ! ಸೆಪ್ಟೆಂಬರಲ್ಲೇ ಯಾಕೆ ಹೀಗೆ ಮಾಡ್ಲಿಲ್ಲ?"

"ಸೆಲ್ಮರ್ ಬರೀ ಕಿವಿಯಲ್ಲೇ ಟೈಮಿಂಗ್ ಕೂಡಿಸ್ತಾನೆ ಅಂತ ಹೆಸರಿತ್ತು. ಬಲ್ಬು ಹಿಡಿದ್ರೆ ಜನಕ್ಕೆ ಅನುಮಾನ ಬರ್ತಿತ್ತು."

"ನಿನ್ನ ಹೆಸರಿಗೆ ನನ್ನ ಕೈ ಬಲಿ."

ಅವನು ತಲೆ ತಗ್ಗಿಸಿದ. ಹಾಗೆ ಅಂದದ್ದಕ್ಕೆ ಅವಳಿಗೇ ನೋವಾಯಿತು.

ಹ್ಯಾಂಡಲನ್ನು ಅವನೇ ತಿರುಗಿಸಿದ. ಅದು ಹಿಂದಕ್ಕೆ ಹೊಡೆಯಲಿಲ್ಲ. ಎಂಜಿನ್ ಸಲೀಸಾಗಿ ಎದ್ದಿತು. ಅವಳು ಕಿವಿಗೊಟ್ಟು ಕೇಳಿ, "ಬಡಿತ ಇಲ್ಲ" ಎಂದು ಕೈಸನ್ನೆ ಮಾಡಿದಳು. ಅವನು ಅದನ್ನು ಆರಿಸಿದ.

ಆಮೇಲೆ ಅವಳು ಎದುರಿಗೆ ಬಂದು, ಗ್ರೀಸ್ ಮೆತ್ತಿದ ಎಡಗೈಯಿಂದ ಅವನ ಗದ್ದ ಹಿಡಿದು, ಜೂನ್ ತಿಂಗಳ ಮಾತನ್ನು ನಿಧಾನವಾಗಿ ಮತ್ತೆ ಕೇಳಿದಳು.

ಅವನ ಮುಖದ ಬಣ್ಣವೇ ಹೋಯಿತು.

"ನಾನು... ಆಗ ಏನಂದೆ?"

"ಮಳೆ ಬರೋ ಹಾಗಿದೆ ಅಂದೆ."

ಅವನು ನಕ್ಕ. ನಗು ಅರ್ಧಕ್ಕೇ ಒಡೆದುಹೋಯಿತು.

"ಬೇಡ ಆರ್ಲಿಸ್. ಇನ್ನೊಂದು ವರ್ಷಕ್ಕೆ ನಾನು ಕಿವುಡು ಗೋಡೆ."

"ನಮ್ಮಮ್ಮ ಬೆಳಗಿಂದ ರಾತ್ರಿವರೆಗೂ ಮಾತಾಡ್ತಾಳೆ. ಅವಳಿಗೂ ಒಂದು ಗೋಡೆ ಬೇಕು."

ಅವನು ಟೋಪಿ ಹಾಕಿಕೊಂಡು ಹೋದ.

ಆದರೆ ಮರುದಿನ ಬೆಳಗಾಗುವಷ್ಟರಲ್ಲಿ ಹೊಲದಲ್ಲಿದ್ದ. ಟ್ರ್ಯಾಕ್ಟರ್ ಓಡಿಸುವವನು ಅವನಾದ, ಮುಂದೆ ನಡೆಯುತ್ತ ಕೈಸನ್ನೆ ತೋರಿಸುವವಳು ಅವಳಾದಳು. ಹಿಮ ಬೆರೆತ ಮಳೆ ಕೋಟಿನೊಳಗೆ ಇಳಿಯುತ್ತಿತ್ತು. ದಿನವೂ ಸಂಜೆ ಬೊರ್ಗಿಲ್ಡ್ ಕೊಟ್ಟ ಬಿಸಿ ಕಾಫಿ ಕುಡಿದು ಅವನು ಮನೆಗೆ ಹೋಗುತ್ತಿದ್ದ. ಎಷ್ಟು ದುಡಿದರೂ ಕಾಲುಭಾಗ ಗೆಡ್ಡೆ ಉಳಿಯಿತು, ನೆಲ ಕಲ್ಲಾಯಿತು. ಆ ದಿನ ಆರ್ಲಿಸ್ ಬದುವಿನಲ್ಲಿ ನಿಂತು ಅತ್ತಳು.

ಸೆಲ್ಮರ್ ಟ್ರ್ಯಾಕ್ಟರಿನಿಂದ ಇಳಿದು ಬಂದ.

"ಹೂಂ," ಎಂದ.

"ಏನು ಹೂಂ?"

"ನೀನು ಕೇಳಿದ್ದಕ್ಕೆ."

"ಬೆಳೆ ಹೋದ ದಿನವೇ ಹೇಳ್ಬೇಕಿತ್ತಾ?"

"ನೀನು ಅಳೋದು ನಂಗೆ ಕೇಳಿಸಲಿಲ್ಲ," ಎಂದ ಅವನು. "ಇಷ್ಟು ದೂರದಲ್ಲಿದ್ರೆ ಆಗಲ್ಲ. ಹತ್ತಿರ ಇರ್ಬೇಕು."

ಜನವರಿಯಲ್ಲಿ ಮದುವೆಯಾಯಿತು. ಚಳಿಗಾಲದ ಸಂಜೆಗಳಲ್ಲಿ ಅವನು ಎಡಗಿವಿಯನ್ನು ಅವಳ ಬಾಯಿಗೆ ಹತ್ತಿರ ತಂದು, "ಏನಾದ್ರೂ ಹೇಳು" ಅನ್ನುತ್ತಿದ್ದ. ಮೊದಮೊದಲು ಅವಳು ಮಾತಾಡಿದಳು. ಮಾತು ಮುಗಿದಾಗ ಬೀಜದ ಅಂಗಡಿಯ ಕ್ಯಾಟಲಾಗ್ ತೆಗೆದು ಓದತೊಡಗಿದಳು: ಕ್ಯಾರೆಟ್, ಕೋಸು, ಬಟಾಣಿ, ಯಾವುದನ್ನು ಎಷ್ಟು ಆಳದಲ್ಲಿ ಬಿತ್ತಬೇಕು, ಎಷ್ಟು ನೀರು.

ಮಾರ್ಚ್ ತಿಂಗಳ ಒಂದು ಸಂಜೆ, ಬಟಾಣಿಯ ಪುಟದಲ್ಲಿ, ಅವನು ಕಿವಿಯನ್ನು ಹಿಂದಕ್ಕೆ ತೆಗೆದುಕೊಂಡ. ಕಿಟಕಿಯತ್ತ ನೋಡಿದ. ಮತ್ತೆ ಅವಳತ್ತ.

ಅವಳಿಗೆ ಅರ್ಥವಾಯಿತು: ಎಡಗಿವಿಯೂ ಹೋಗಿತ್ತು. ಓದು ನಿಂತಿತು.

ಅವನು ಕೈ ಚಾಚಿ, ತಣ್ಣನೆಯ ಬೆರಳುಗಳನ್ನು, ದನಿಯ ಕಂಪನ ಸಿಗುವಂತೆ, ಅವಳ ಗಂಟಲ ಮೇಲೆ ಹಗುರವಾಗಿ ಇಟ್ಟ.

"ಓದು," ಎಂದ. "ನಿಲ್ಲಿಸಬೇಡ."

ಅವಳು ಕಣ್ಣೊರೆಸಿಕೊಂಡು ಬಟಾಣಿಯನ್ನು ಮೊದಲಿನಿಂದ ಓದಿದಳು.