ಗುರುವಾರದ ಟೊಳ್ಳು ಏಡಿ

ಗೋಧಿ ತೌಡು ಮೆತ್ತಿದ ಮೀನು ಕೆಂಡದ ಮೇಲೆ ಕರಕಲಾಗುವ ವಾಸನೆ... ಅದು ಮೂಗಿಗೆ ಬಿದ್ದರೆ ಸಾಕು, ಶಹೀರಾ ಮತ್ತೆ ಅಜ್ಜಿಯ ಪಕ್ಕದಲ್ಲಿ ಕುಳಿತ ಪುಟ್ಟ ಹುಡುಗಿ.

"ಹೊಟ್ಟೆ ಮೇಲಿನ ಪಟ್ಟಿ ಅಗಲ ಇದ್ರೆ ಹೆಣ್ಣು, ಚೂಪಾಗಿದ್ರೆ ಗಂಡು. ಕೈಗೆ ಹಗುರ ಅನ್ನಿಸ್ತಾ? ಈಗಷ್ಟೇ ಚಿಪ್ಪು ಕಳಚಿದೆ, ಒಳಗೆ ಬರೀ ನೀರು. ತಗೋಬೇಡ." ಅಜ್ಜಿ ಕಲಿಸಿದ ಏಡಿಯ ಪಾಠವೆಲ್ಲ ಆ ಹೊಗೆಯಲ್ಲೇ ಆಗಿತ್ತು.

ಇವತ್ತೂ ಅಲೆಕ್ಸಾಂಡ್ರಿಯಾದ ಮೀನುಪೇಟೆಯಲ್ಲಿ ಅದೇ ಹೊಗೆ. ಅದರ ನಡುವೆ ಶಹೀರಾ ಮನೆಯಿಂದ ವಾಪಸ್ ತಂದ ಏಡಿಯೊಂದನ್ನು ಹಿಡಿದು, ರಗಬ್‌ನ ಅಂಗಡಿಯೆದುರು ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದಳು.

"ರಗಬ್ ಅವರೇ, ಮತ್ತೆ ಟೊಳ್ಳು ಏಡಿ ಕೊಟ್ಟಿದ್ದೀರಿ."

"ಅಯ್ಯೋ, ನನ್ನ ಕಣ್ಣು ತಪ್ಪಿಸಿ ಬಂದಿರ್ಬೇಕು."

"ಪ್ರತಿ ಗುರುವಾರ ತಪ್ಪಿಸುತ್ತಾ? ಕಣ್ಣಿನ ಡಾಕ್ಟರಿಗೆ ತೋರಿಸಿ."

"ತೋರಿಸ್ದೆ. ಗುರುವಾರ ಮಾತ್ರ ಮಂಜಾಗುತ್ತಂತೆ."

ನಗು ಬಂತು. ತುಟಿ ಕಚ್ಚಿಕೊಂಡಳು. ರಗಬ್ ಭಾರವಾದ ಏಡಿ ಆರಿಸಿ, ಅವಳ ಬೆರಳಿಗೆ ತಾಗದಂತೆ ಕೊಂಡಿಗಳಿಗೆ ದಾರ ಸುತ್ತಿ ಕೊಟ್ಟ. ಬೇರೆ ಯಾರಿಗೂ ಅವನು ದಾರ ಸುತ್ತುತ್ತಿರಲಿಲ್ಲ.

"ಅವನು ಕಳ್ಳ. ಬೇರೆ ಅಂಗಡಿಗೆ ಹೋಗ್ಬಾರದಾ?" ಮನೆಯಲ್ಲಿ ಅಪ್ಪ ಮುಖ್ತಾರ್ ಗೊಣಗಿದರು.

"ದೂರ ಆಗುತ್ತಪ್ಪ."

ಬೇರೆ ಅಂಗಡಿ ಇದ್ದದ್ದು ರಗಬ್‌ನ ಅಂಗಡಿಯ ಪಕ್ಕದಲ್ಲೇ.

ಮುಂದಿನ ಗುರುವಾರ ಪೇಟೆಗೆ ಅಪ್ಪನೇ ಹೋದರು. "ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಿದ್ದಾರೆ. ಇವತ್ತಾದ್ರೂ ಮೋಸ ಮಾಡ್ಬೇಡಪ್ಪ."

ರಗಬ್ ಒಂದೊಂದೇ ಏಡಿ ಎತ್ತಿ ಆರಿಸತೊಡಗಿದ.

ಅಡುಗೆಮನೆಯಲ್ಲಿ ಶಹೀರಾ ಒಂದೊಂದನ್ನೇ ಎತ್ತಿ ನೋಡಿದಳು. ಭಾರ... ಇದೂ ಭಾರ... ಕೊನೆಯದೂ ಭಾರ. ಎಲ್ಲಕ್ಕೂ ದಾರ ಬಿಗಿದಿತ್ತು.

ಹಾಗಾದರೆ ನಾನು ಮತ್ತೆ ಬರುವುದು ಅವನಿಗೆ ಬೇಡವೇ?

ಕಣ್ಣು ತುಂಬಿತು. ಅವಳು ತಪ್ಪನ್ನು ಈರುಳ್ಳಿಯ ಮೇಲೆ ಹಾಕಿದಳು.

ಬಂದವರು ಬೆರಳು ಚೀಪುತ್ತಾ ಉಂಡು, ಒಪ್ಪಿಗೆ ಎಂದು ಹೇಳಿ ಹೊರಟರು.

"ನನಗೆ ಬೇಡಪ್ಪ."

"ಯಾಕಮ್ಮ? ಹುಡುಗನಿಗೆ ಏನು ಕೊರತೆ?"

"ಏನೂ ಇಲ್ಲ. ಆದ್ರೆ... ಆ ಕಳ್ಳನ ಹತ್ರ ಜಗಳ ಆಡದೆ ನನಗೆ ಇರೋಕಾಗಲ್ಲ."

ಮುಖ್ತಾರ್ ಮಗಳತ್ತ ತಿರುಗಿದರು. "ಇದಕ್ಕೇನಾ ಬೇರೆ ಅಂಗಡಿ ದೂರ ಆಗಿದ್ದು?"

ಅವಳು ತಲೆ ತಗ್ಗಿಸಿದಳು. ಅಪ್ಪ ತಟ್ಟೆಗೆ ಹುರಿದ ಈರುಳ್ಳಿಯಲ್ಲಿ ಬೆಂದ ಕಂದು ಅನ್ನ ಬಡಿಸಿ, ತಮಗೆಂದು ಎತ್ತಿಟ್ಟಿದ್ದ ದೊಡ್ಡ ಏಡಿಯನ್ನು ಮೇಲಿಟ್ಟು, ಬಟ್ಟೆ ಸುತ್ತಿದರು. "ಆರೋದ್ರೊಳಗೆ ಆ ಕಳ್ಳನಿಗೆ ಕೊಟ್ಟು ಬಾ."

ರಗಬ್ ಅಂಗಡಿಯ ಹಲಗೆ ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ. "ಇವತ್ತೇನು ದೂರು?"

"ಟೊಳ್ಳು ಏಡಿ ಒಂದೂ ಇರ್ಲಿಲ್ಲ."

"ನಿಮ್ಮ ಶುಭಕಾರ್ಯದ ಊಟ ಕೆಡಿಸೋಕೆ ಮನಸ್ಸು ಬರ್ಲಿಲ್ಲ. ಇಷ್ಟು ದಿನ ಬೇಕಂತಲೇ ಹಾಕ್ತಿದ್ದೆ... ನೀವು ವಾಪಸ್ ಬರ್ಲಿ ಅಂತ."

"ನಾನು ಒಪ್ಪಲಿಲ್ಲ ರಗಬ್. ಅವರು ಉಂಡು ಹೋದ್ರು, ಅಷ್ಟೇ." ಅವಳ ದನಿ ತಗ್ಗಿತು. "ಮತ್ತೆ ಆ ಏಡಿ... ಇಲ್ಲೇ ಕೈಗೆತ್ಕೊಂಡಾಗಲೇ ನನಗೆ ಗೊತ್ತಾಗ್ತಿತ್ತು."

ಅವನ ಕೈ ನಿಂತಿತು. "ಗೊತ್ತಿದ್ದೂ ನೀನು ಮನೆವರೆಗೆ ಯಾಕೆ ಹೊತ್ಕೊಂಡು ಹೋಗ್ತಿದ್ದೆ?"

ಶಹೀರಾ ಬಟ್ಟೆ ಬಿಚ್ಚಿ, ಇನ್ನೂ ಬಿಸಿಯಿದ್ದ ತಟ್ಟೆಯನ್ನು ಅವನ ಒದ್ದೆ ಕೈಗಳಲ್ಲಿ ಇಟ್ಟಳು.