ಕೊಡೆಬಟ್ಟೆಯ ಮರೆ

ಕೊಡೆ ರಿಪೇರಿಯವರ ಅಂಗಡಿ ಬಾಗಿಲಲ್ಲಿ ಗುಂಡಿ ಬಿದ್ದದ್ದರಲ್ಲಿ ಅರ್ಧ ತಪ್ಪು ನನ್ನದು, ಅರ್ಧ ಸೂರ್ಯನದು.

ನೆಲದಡಿಯ ನೀರಿನ ಪೈಪುಗಳು ಎಲ್ಲಿ ಹಾದುಹೋಗಿವೆ ಎಂದು ಟ್ಯಾಬ್ಲೆಟ್ಟಿನ ನಕ್ಷೆಯಲ್ಲಿ ಗುರುತು ಹಾಕುವುದು ನನ್ನ ಕೆಲಸ. ಅವತ್ತು ಹನ್ನೊಂದರ ಬಿಸಿಲಿಗೆ ಪರದೆಯಲ್ಲಿ ನಕ್ಷೆಯ ಬದಲು ಆಕಾಶ ಕಾಣುತ್ತಿತ್ತು. ಅಂದಾಜಿನ ಮೇಲೆ ಬೆರಳಿಟ್ಟೆ. ಮಾರನೇ ದಿನ ಅಗೆಯುವವರು ನನ್ನ ಗುರುತು ನಂಬಿ ಸೀದಾ ಆ ಅಂಗಡಿಯ ಹೊಸ್ತಿಲ ಮುಂದೆ ಅಗೆದರು. ಪೈಪು ಇದ್ದದ್ದು ರಸ್ತೆಯ ಆಚೆ ಬದಿ.

ಕ್ಷಮೆ ಕೇಳಲು ಹೋದಾಗ ಅಂಗಡಿಯವರು ಸೂಜಿಗೆ ದಾರ ಪೋಣಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಬಾವಿ ತೋಡಿಸೋ ಆಸೆ ನನಗೇನೂ ಇರಲಿಲ್ಲ, ಮೇಡಂ.”

ತುಟಿಯಂಚಿನಲ್ಲಿ ಮಾತ್ರ ಒಂದು ನಗು ಅಡಗಿತ್ತು. ನನಗೆ ಅದೇ ಸಾಕಾಯಿತು.

ಆ ಬೀದಿಯಲ್ಲಿ ಇನ್ನೂ ಮೂರು ವಾರದ ಕೆಲಸವಿತ್ತು. ಎರಡನೇ ತಪ್ಪು ಮಾಡಬಾರದೆಂದು ಹಟ ಹಿಡಿದೆ. ಪರದೆಯ ಬೆಳಕು ಪೂರ್ತಿ ಏರಿಸಿದೆ; ಮಧ್ಯಾಹ್ನದೊಳಗೆ ಬ್ಯಾಟರಿ ಮುಗಿಯಿತು. ತಂಪು ಕನ್ನಡಕ ಹಾಕಿದೆ. ಅದರ ಗಾಜಿನೊಳಗಿಂದ, ಟ್ಯಾಬ್ಲೆಟ್ ಅಡ್ಡ ಹಿಡಿದರೆ ಪರದೆಯೇ ಕಪ್ಪಾಗಿ ಕಾಣುತ್ತಿತ್ತು. ಬೆರಳಿನ ಜಿಡ್ಡು ಒರೆಸಿದ್ದು, ಪರದೆಯಲ್ಲಿ ಹೊಳೆಯುವ ಬಿಳಿ ಅಂಗಿ ಬಿಟ್ಟು ಕಡುನೀಲಿ ತೊಟ್ಟದ್ದು ಸ್ವಲ್ಪ ಕೆಲಸಕ್ಕೆ ಬಂತು.

ಆದರೆ ಅವರ ಅಂಗಡಿಗೆ ಬೆನ್ನು ಮಾಡಿ ನಿಂತರೆ ಪರದೆ ಕನ್ನಡಿಯಾಗುತ್ತಿತ್ತು. ಮೆಟ್ಟಿಲ ಮೇಲೆ ಬಿಸಿಲಲ್ಲೇ ಕೂತು, ಹಳೆಯ ಕೊಡೆಯನ್ನು ಸೂರ್ಯನಿಗೆ ಹಿಡಿದು, ಬೆಳಕು ತೂರಿಬಂದ ಕಡೆ ತೂತು ಹುಡುಕುವ ಅವರು ಅದರಲ್ಲಿ ಕಾಣುತ್ತಿದ್ದರು. ತುಟಿಯ ನಡುವೆ ಸೂಜಿ. ಹಣೆಗೆ ಬಿದ್ದ ಕೂದಲು. ನಾನು ಬಿಸಿಲನ್ನು ಬೈಯುವುದು ನಿಲ್ಲಿಸಿದೆ.

ಮನೆಯಲ್ಲಿ ಅಕ್ಕನಿಗೆ ಎಲ್ಲ ಹೇಳಿದೆ. “ಅದೇನೇ, ಆ ಬೀದೀಲಿ ಪೈಪ್ ಹಾಕಿದಾರೋ, ನದಿ ಹರಿಸಿದಾರೋ? ಮುಗಿಯೋದೇ ಇಲ್ವಲ್ಲ,” ಎಂದಳು. ಗುರುತು ಮುಗಿಯುವುದರೊಳಗೆ ಅವರ ಹತ್ತಿರ ಬಾಯಿ ಬಿಡದಿದ್ದರೆ ಮತ್ತೆ ತನ್ನ ಮುಂದೆ ನಿಟ್ಟುಸಿರು ಬಿಡಕೂಡದು ಎಂದೂ ಸೇರಿಸಿದಳು.

ಕೊನೆಯ ದಿನ ಬೆಳಿಗ್ಗೆ ಅವರೇ ಕರೆದರು. ಮುರಿದ ಕೊಡೆಯ ಕಡ್ಡಿಗಳಿಗೆ ಹೊಳಪಿಲ್ಲದ ಕಪ್ಪು ಬಟ್ಟೆ ಬಿಗಿದು, ಟ್ಯಾಬ್ಲೆಟ್ಟಿನ ಮೇಲಕ್ಕೂ ಎರಡು ಪಕ್ಕಕ್ಕೂ ಮರೆಯಾಗುವಂತೆ ಒಂದು ಗೂಡು ಹೊಲಿದಿದ್ದರು. ಕಾವು ನಿಲ್ಲದಿರಲೆಂದು ಹಿಂಬದಿ ತೆರೆದೇ ಬಿಟ್ಟಿದ್ದರು. ನನ್ನ ಟ್ಯಾಬ್ಲೆಟ್ಟಿನ ಅಳತೆ ಯಾವಾಗ ತೆಗೆದರೋ, ಕೇಳಲಿಲ್ಲ.

ತೊಡಿಸಿ ನೋಡಿದೆ. ಪ್ರತಿಯೊಂದು ಗೆರೆಯೂ ಬಿಡಿಬಿಡಿಯಾಗಿ ಕಂಡಿತು. ನಕ್ಷೆ ಇತ್ತು, ಅವರು ಇರಲಿಲ್ಲ.

ಸಂಜೆಯೊಳಗೆ ಗುರುತೆಲ್ಲ ಮುಗಿಸಿದೆ, ಒಂದೂ ತಪ್ಪದೆ. ಕೊನೆಯದು ಅವರ ಅಂಗಡಿಯ ಎದುರಿನದು. ಅದನ್ನು ಒತ್ತುವ ಮೊದಲು ಬೆರಳು ಗಾಳಿಯಲ್ಲೇ ನಿಂತಿತು. ಇವತ್ತು ಹೇಳದೆ ಹೋಗುವುದಿಲ್ಲ ಎಂದುಕೊಂಡೆ. ಒತ್ತಿದೆ. ತಿರುಗಿದೆ.

“ಈ ಗೂಡಲ್ಲಿ ಒಂದು ಕೊರತೆ ಇದೆ.”

“ಏನು, ಮೇಡಂ?”

“ನೀವು ಕಾಣಲ್ಲ.”

ಅವರ ಸೂಜಿ ಬಟ್ಟೆಯಲ್ಲೇ ನಿಂತಿತು. ಕತ್ತಿನವರೆಗೂ ಕೆಂಪೇರಿತು, ಆದರೆ ಕಣ್ಣು ತಗ್ಗಿಸಲಿಲ್ಲ.

“ಆ ಪರದೇಲಿ ನಾನು ನಿಮಗೆ ಕಂಡ್ರೆ, ನೀವೂ ನನಗೆ ಕಾಣಲೇಬೇಕಲ್ವಾ? ಮೂರು ವಾರದಿಂದ ಕಾಣ್ತಿದ್ರಿ.”

ನೆಲ ಮತ್ತೆ ಅಗೆದು ನನ್ನನ್ನು ಒಳಗೆ ಹಾಕಿದ್ದರೂ ಬೇಡ ಎನ್ನುತ್ತಿರಲಿಲ್ಲ. ಆದರೂ ಕೇಳಿದೆ: “ಮತ್ಯಾಕೆ ಮುಚ್ಚಿಬಿಟ್ರಿ?”

“ಕನ್ನಡೀಲಿ ನೋಡೋರು ತಿರುಗಿ ನೋಡ್ತಾರೋ ಇಲ್ವೋ, ತಿಳ್ಕೋಬೇಕಿತ್ತು.”

“ತಿರುಗಿದೀನಿ,” ಎಂದೆ. “ನಾಳೆ ಬೇರೆ ಬೀದಿಯ ಕೆಲಸ. ಆದ್ರೆ ಸಂಜೆ ಇಲ್ಲಿಗೇ ಬರ್ತೀನಿ.”

ಅವರು ಪಕ್ಕದಲ್ಲಿದ್ದ ಕೊಡೆಗಳ ರಾಶಿ ಸರಿಸಿ ಮೆಟ್ಟಿಲ ಮೇಲೆ ಜಾಗ ಮಾಡಿದರು. ಕೂತೆ. ಇಳಿಬಿಸಿಲು ನೇರ ನಮ್ಮಿಬ್ಬರ ಕಣ್ಣಿಗೇ ಹೊಡೆಯುತ್ತಿತ್ತು. ಕೈಯಳತೆಯಲ್ಲಿ ಹತ್ತು ಕೊಡೆಗಳಿದ್ದವು. ಒಂದನ್ನೂ ಬಿಚ್ಚಲಿಲ್ಲ.