ಕಠಾರಿಯನ್ನು ಮದುವೆಯಾದವಳು

"ಗಂಡೆಲ್ಲಿ?!"

ಚೆಲ್ಲಾಯಿ ಹಸೆಮಣೆಯಿಂದ ಎದ್ದು ಕೇಳಿದ ಆ ಒಂದು ಮಾತಿಗೆ ಓಲಗದವನ ಉಸಿರು ಓಲಗದೊಳಗೇ ಸಿಕ್ಕಿಕೊಂಡಿತು. ಕೋಟೆಯ ಮೇಲೆ ಕೂತಿದ್ದ ಕಾಗೆಗಳು ಹಾರಿದವು ನೋಡಿ, ಮಧುರೆ ಮುಟ್ಟುವ ತನಕ ಹಿಂದಿರುಗಿ ನೋಡಲಿಲ್ಲ! ಕರಿಸಲ್‌ಕೋಟೆಯ ಪಾಳೇಗಾರ ಇರುಳಪ್ಪ ತೇವರ ಮಗಳೆಂದರೆ ಸುಮ್ಮನೆಯೆ? ಅವಳು ಹುಬ್ಬು ಗಂಟಿಕ್ಕಿದರೆ ಫಿರಂಗಿಗೆ ಮದ್ದು ತುಂಬುವ ಕೆಲಸವೇ ಇರಲಿಲ್ಲ.

ಅಂಗಳದಲ್ಲಿ ಮೈಯೆಲ್ಲ ಧೂಳು ಮೆತ್ತಿಕೊಂಡ ತರುಣನೊಬ್ಬ ಹಿತ್ತಾಳೆ ತಟ್ಟೆ ಹಿಡಿದು ನಿಂತಿದ್ದ. ತಟ್ಟೆಯಲ್ಲಿ ಒಂದು ಕಠಾರಿ.

"ಮುಳ್ಳಿಕುಳದ ಪಾಳೇಗಾರ ಓಚ್ಚಪ್ಪ ತೇವರು ಪಡೆ ಕೂಡಿಸ್ತಿದಾರೆ, ಅಮ್ಮಣ್ಣಿ. ಅವರ ಬದಲು ಕಠಾರಿ ಬಂದಿದೆ. ನಾನು ಸಡೈಯ, ಅವರ ಚಿಕ್ಕಪ್ಪನ ಮಗ."

"ಮದುವೆಗೆ ಬರೋಕೂ ಪುರುಸೊತ್ತಿಲ್ಲ ನಿಮ್ಮಣ್ಣನಿಗೆ! ನಾಳೆ ಸಂಸಾರಕ್ಕೆ ಯಾರನ್ನ ಕಳಿಸ್ತಾನೆ? ಕುದುರೆ ಜೀನನ್ನ?"

"ಜೀನು ಪಾಪ, ಹೆದರಿಕೊಂಡು ಅಲ್ಲೇ ಉಳೀತು."

ಯಾರೋ ಕಿಸಕ್ಕೆಂದರು. ಚೆಲ್ಲಾಯಿ ತಿರುಗಿ ನೋಡಿದಳು. ನಗು ಅಲ್ಲೇ ಸತ್ತಿತು.

'ಸೊಕ್ಕು! ಮುಳ್ಳಿಕುಳದವರ ರಕ್ತದಲ್ಲೇ ಇದೆ...'

ಎರಡು ಪಾಳೆಯಗಳ ನಡುವೆ ಒಂದು ಕೆರೆಯ ನೀರಿಗಾಗಿ ಮೂರು ತಲೆಮಾರಿನ ಹಗೆ. ಆ ಜಗಳದಲ್ಲಿ ಹರಿದ ರಕ್ತಕ್ಕೆ ಕೆರೆ ಎರಡು ಸಲ ಕೋಡಿ ಬಿದ್ದಿತ್ತು! ಚೆಲ್ಲಾಯಿಯ ಅಣ್ಣ ಸತ್ತದ್ದೂ ಅದೇ ಕೆರೆಯ ಏರಿಯ ಮೇಲೆ, ಮುಳ್ಳಿಕುಳದ ಈಟಿಗೆ. ಆದರೆ ಪಾಳೇಗಾರರ ಕೋಟೆಗಳನ್ನೆಲ್ಲ ನೆಲಸಮ ಮಾಡುತ್ತೇವೆಂದು ಕುಂಪಣಿಯವರು ಹೊರಟಿದ್ದರು. ಬೇರೆಬೇರೆ ನಿಂತರೆ ಇಬ್ಬರೂ ಬೂದಿ. ಆದ್ದರಿಂದಲೇ ಈ ಮೈತ್ರಿ, ಈ ಮದುವೆ. ಅವಳ ಮನಸ್ಸನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಕಠಾರಿಯ ಮದುವೆ ಆ ಜನಕ್ಕೆ ಹೊಸದಲ್ಲ. ಗಂಡು ದಂಡಿನಲ್ಲಿದ್ದರೆ ಅವನ ಕಠಾರಿ ಹಸೆಗೆ ಕೂರುತ್ತದೆ. ಉಕ್ಕು ಯಾರದೋ ಅವನೇ ಗಂಡ. ಪಡೆಯವರು ಆಣೆ ಇಡುವುದೂ ಮನೆತನದ ಕಠಾರಿಯ ಮೇಲೆಯೇ. ಮುಂದೆ ಗಂಡ ಬಂದಾಗ ಹೆಂಡತಿ ಕೈಯಾರೆ ಅದನ್ನು ಹಿಂದಿರುಗಿಸಿದರೆ ಮದುವೆ ಪೂರ್ತಿ.

"ಕೂತ್ಕೋ ತಾಯಿ," ಸಾಕಿದ ಅಜ್ಜಿ ಕಾತ್ತಾಯಿ ಕಿವಿಯಲ್ಲಿ ಉಸುರಿದಳು. "ನೀನು ಬೇಡ ಅಂದ್ರೆ ಇವರ ಬಂದೂಕುಗಳೂ ವಾಪಸ್ಸು ಹೋಗ್ತವೆ."

ಚೆಲ್ಲಾಯಿ ಹಲ್ಲು ಕಚ್ಚಿ ಕೂತಳು. ಕಠಾರಿಯ ಪಕ್ಕದಲ್ಲಿ ಕಾತ್ತಾಯಿ ತಾಳಿ ಕಟ್ಟಿದಳು. ಆಗ ಸಡೈಯನ ಮುಖ ಸುಣ್ಣದಂತೆ ಬಿಳುಚಿದ್ದನ್ನು ಚೆಲ್ಲಾಯಿ ಗಮನಿಸಿದಳು.

'ಇವನಿಗೇನು ಬಂತು ರೋಗ?'

ಅಂದಿನಿಂದ ಸಡೈಯ ತನ್ನ ಬಂದೂಕಿನವರೊಡನೆ ಕೋಟೆಯಲ್ಲೇ ಉಳಿದ. ಶುರುವಾಯಿತು ನೋಡಿ! ಕುಂಪಣಿಯ ಗುಂಡು ಬೀಳುವ ಮೊದಲೇ ಕೋಟೆ ಬಿರುಕು ಬಿಟ್ಟಿದ್ದು ಇವರಿಬ್ಬರ ಬೈಗುಳಕ್ಕೆ.

"ಮದ್ದನ್ನ ಅಲ್ಲಿಡಬೇಡ! ತೇವ ಹಿಡಿಯತ್ತೆ."

"ನೀವು ಒಂದು ಸಲ ನೋಡಿ ಅಮ್ಮಣ್ಣಿ, ತಾನಾಗೇ ಒಣಗತ್ತೆ."

"ನಾಲಿಗೆ ಉದ್ದ ಆಯ್ತು!"

"ಬೇರೆ ಆಯುಧ ಇಲ್ವಲ್ಲ ಹತ್ರ..."

ಆದರೂ ಒಂದು ವಿಷಯ ಅವಳನ್ನು ಮುಳ್ಳಿನಂತೆ ಚುಚ್ಚುತ್ತಿತ್ತು. ಮೈದುನನೆಂದು ಎಲ್ಲರೂ ಒಳಗೆ ಕರೆದರೂ ಅವನು ಒಳಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ. ಸಜ್ಜೆ ಅಂಬಲಿಯನ್ನೂ ಒಣಮೀನನ್ನೂ ಬಿಸಿಲಲ್ಲೇ ಕೂತು ಉಣ್ಣುತ್ತಿದ್ದ. ಅವಳು ಎದುರು ಬಂದರೆ ಜಗಳವಾಡುವಾಗಲೂ ಕಣ್ಣು ನೆಲದಲ್ಲಿ.

ಒಂದು ಮಧ್ಯಾಹ್ನ ಕೋಟೆಗೋಡೆಯ ಮೇಲೆ ನಿಂತು ಬಿರುಕಿಗೆ ಅವನೇ ಮಣ್ಣು ಮೆತ್ತುತ್ತಿದ್ದ. ಅವನ ಸೊಂಟದಲ್ಲಿ ಖಾಲಿ ಒರೆ. ಒರೆಯ ಬಾಯಿಗೆ ಬೆಳ್ಳಿಯ ನವಿಲು.

ಚೆಲ್ಲಾಯಿ ತನ್ನ ನಡು ಮುಟ್ಟಿ ನೋಡಿಕೊಂಡಳು. ಅವಳ ನಡುವಿನಲ್ಲಿದ್ದ ಮದುವೆಯ ಕಠಾರಿಯ ಹಿಡಿಗೂ ಅದೇ ನವಿಲು!

ಸರ್ರನೆ ಕಠಾರಿ ತೆಗೆದು ಅವನ ಒರೆಗೆ ತುರುಕಿದಳು. ಟಕ್! ಕೂದಲೆಳೆಯಷ್ಟೂ ಜಾಗ ಬಿಡದೆ ಕೂತಿತು.



"ಇದು... ನಿನ್ನದು?"

ಸಡೈಯ ಕೈಯ ಮಣ್ಣು ಒರೆಸಿಕೊಂಡ. "ವೈಪ್ಪಾರು ದಾಟುವಾಗ ಕುಂಪಣಿ ಸವಾರರು ಮೇಲೆ ಬಿದ್ರು. ಅಣ್ಣನ ಕಠಾರಿ ಹೊಳೆ ಪಾಲಾಯ್ತು. ಖಾಲಿ ತಟ್ಟೆ ಹಿಡಿದು ಬಂದಿದ್ರೆ ಮುಳ್ಳಿಕುಳದವರು ಮೋಸ ಮಾಡಿದ್ರು ಅಂತ ನಿಮ್ಮವರು ಬಾಗಿಲು ಹಾಕ್ತಿದ್ರು. ನಾವು ನಾವೇ ಕಡಿದಾಡಿ ಸಾಯ್ತಿದ್ವಿ. ಅದಕ್ಕೇ..."

"ಅದಕ್ಕೇ ಕದ್ದು ಮದುವೆಯಾದೆ! ನಿಮ್ಮಣ್ಣನಿಗೆ ನನ್ನ ಕೊಡುವಾಗ ಅಪ್ಪ ಕೇಳಲಿಲ್ಲ. ನೀನೂ ಕೇಳಲಿಲ್ಲ. ನಾನೇನು ಕೆರೆ ನೀರಾ, ಅವರಿವರು ತೂಬು ಎತ್ತಿ ಹರಿಸಿಕೊಳ್ಳೋಕೆ?!"

ಅವಳ ಕಣ್ಣಲ್ಲಿ ನೀರು. ಕರಿಸಲ್‌ಕೋಟೆ ಕಟ್ಟಿದಂದಿನಿಂದ ಯಾರೂ ಕಾಣದ ನೀರು!

"ತಪ್ಪು ನನ್ನದೇ," ಸಡೈಯ ಮೆಲ್ಲಗೆ ಹೇಳಿದ. "ಅಣ್ಣ ಬರಲಿ, ಎಲ್ಲರ ಮುಂದೆ ಹೇಳ್ತೀನಿ. ತಲೆ ತೆಗೀತಾನೆ. ನಾನು ಸತ್ತರೆ ನಿಮಗೆ ನನ್ನ ಗಂಟೂ ಇರಲ್ಲ, ಅಣ್ಣನ ಗಂಟೂ ಇರಲ್ಲ. ನಿಮ್ಮ ದಾರಿ ನಿಮ್ಮದು. ಹೊಸ್ತಿಲು ತುಳೀದೆ ಇದ್ದದ್ದೂ ಅದಕ್ಕೇ... ಕೇಳದೆ ಪಡೆದ ಹಕ್ಕು ನನಗೆ ಬೇಡ."

"ಈಗಲಾದರೂ ಕೇಳು ಮತ್ತೆ!"

"ಏನು?"

"ಮೂಢ! ನಾನು ನಿನಗೆ ಬೇಕಾ ಅಂತಲ್ಲ... ನೀನು ನನಗೆ ಬೇಕಾ ಅಂತ!"

ಅವನು ಬಾಯಿ ತೆರೆದ. ಅಷ್ಟರಲ್ಲಿ ಕೊಂಬು ಮೊಳಗಿತು. ಓಚ್ಚಪ್ಪ ತೇವರ ಪಡೆ ಬಂದಿತ್ತು. ಚೆಲ್ಲಾಯಿ ಒರೆಯಿಂದ ಕಠಾರಿ ಕಿತ್ತುಕೊಂಡು ಕೆಳಗೆ ಓಡಿದಳು.

ಓಚ್ಚಪ್ಪ ತೇವರೆಂದರೆ ಆಸಾಮಿ ಹೇಗೆ? ಮೀಸೆಯ ಒಂದು ತುದಿ ಕೋಟೆ ಬಾಗಿಲು ದಾಟಿದ ಎಷ್ಟೋ ಹೊತ್ತಿಗೆ ಇನ್ನೊಂದು ತುದಿ ಒಳಗೆ ಬಂತು! ಅಂಗಳದ ಒಂದು ಬದಿ ಅವನ ಜನ, ಇನ್ನೊಂದು ಬದಿ ಕರಿಸಲ್‌ಕೋಟೆಯ ಜನ. ಹಗೆ ಇನ್ನೂ ಹೊಗೆಯಾಡುತ್ತಿತ್ತು.

"ಎಲ್ಲಿ, ನನ್ನ ಕಠಾರಿ ಕೊಡು," ಎಂದು ಕೈ ಚಾಚಿದ.

ಸಡೈಯ ಮುಂದೆ ನುಗ್ಗಿದ. "ಅಣ್ಣಾ, ಒಂದು ಮಾತು..."

"ಸುಮ್ಮನಿರು!" ಎಂದಳು ಚೆಲ್ಲಾಯಿ.

ಚಾಚಿದ ಕೈಯನ್ನು ದಾಟಿ ನಡೆದಳು. ಸಡೈಯನ ಅಂಗೈ ಬಿಡಿಸಿ ಕಠಾರಿ ಇಟ್ಟಳು.

"ನಿಮ್ಮ ಕಠಾರಿ ಹೊಳೆಯಲ್ಲಿ ಹೋಯ್ತು ಅಯ್ಯಾ. ಹಸೆಗೆ ಕೂತದ್ದು ಇವನದು. ನನ್ನ ಗಂಡ ಇವನೇ."

ಓಚ್ಚಪ್ಪನ ಕತ್ತಿ ಅರ್ಧ ಹೊರಬಂತು. ಎರಡೂ ಬದಿಯ ಬಂದೂಕು ಮೇಲೆದ್ದವು. ಅಪ್ಪ ಇರುಳಪ್ಪ ತೇವರು "ಮಗಳೇ!" ಎಂದು ಚೀರಿದರು.

"ದ್ರೋಹಿ!" ಓಚ್ಚಪ್ಪ ಗುಡುಗಿದ. "ನನಗೆ ಬಂದ ಹೆಣ್ಣು!"

"ಮಾತಾಗಿದ್ದು ಮುಳ್ಳಿಕುಳದ ಉಕ್ಕಿಗೆ ಹೆಣ್ಣು ಕೊಡ್ತೀವಿ ಅಂತ." ಚೆಲ್ಲಾಯಿ ಕತ್ತಿಯ ಮುಂದೆಯೇ ನಿಂತಳು. "ಕೊಟ್ಟಾಯ್ತು. ನಿಮ್ಮ ಮನೆತನದ ಕಠಾರಿ ಕಠಾರಿಯೇ ಅಲ್ಲ ಅಂತ ನಿಮ್ಮ ಜನದೆದುರು ಹೇಳಿ, ಈಗಲೇ ತಾಳಿ ಬಿಚ್ಚಿಡ್ತೀನಿ. ಇವರೆಲ್ಲ ಆಣೆ ಇಟ್ಟದ್ದು ಅದೇ ಉಕ್ಕಿನ ಮೇಲೆ ತಾನೇ? ಆಮೇಲೆ ಯಾವ ಆಣೆ ನಂಬಿ ನಿಮ್ಮ ಹಿಂದೆ ಬರ್ತಾರೆ?"



ಓಚ್ಚಪ್ಪ ತನ್ನ ಜನರತ್ತ ನೋಡಿದ. ಒಬ್ಬನೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಎಲ್ಲರ ಕೈಯೂ ಅವರವರ ಕಠಾರಿಯ ಹಿಡಿಯ ಮೇಲಿತ್ತು. ದೂರದಲ್ಲಿ ಕುಂಪಣಿಯ ನಗಾರಿ ಕೇಳಿಸಿತು.

ಕತ್ತಿ ಒರೆಗೆ ಹೋಯಿತು.

"ಎದುರಿಗೆ ಕುಂಪಣಿ ನಿಂತಿದೆ ಅಂತ ಬದುಕಿದೆಯೋ, ಸಡೈಯಾ," ಎಂದು ಹಲ್ಲು ಕಡಿದ. "ಯುದ್ಧ ಮುಗಿದ ಮೇಲೆ ನಿನ್ನ ಮುಖ ನನಗೆ ತೋರಿಸಬೇಡ." ಮೀಸೆಯನ್ನೂ ಪಡೆಯನ್ನೂ ತಿರುಗಿಸಿಕೊಂಡು ಗೋಡೆಯ ಕಡೆ ನಡೆದ. ಮೈತ್ರಿ ಉಳಿಯಿತು. ಪ್ರೀತಿಯಿಂದಲ್ಲ, ಬರೀ ಸಿಟ್ಟಿನಿಂದ!

ಅಂಗಳ ಬರಿದಾಯಿತು. ಸಡೈಯ ಬಂದೂಕು ಹೆಗಲಿಗೇರಿಸಿ ನಿಂತ.

"ಚೆಲ್ಲಾಯಿ... ನಾನು ಕೇಳಲೇ ಇಲ್ಲ. ನಾನು ನಿನಗೆ ಬೇಕಾ?"

"ಮುಳ್ಳಿಕುಳದವನನ್ನ ನಾನಿನ್ನೂ ಕ್ಷಮಿಸಿಲ್ಲ."

"ಯಾವಾಗ ಕ್ಷಮಿಸ್ತೀಯ?"

"ತಲೆ ಹಣ್ಣಾದ ಮೇಲೆ ಯೋಚಿಸ್ತೀನಿ. ಅಲ್ಲೀವರೆಗೂ ನೀನು ಬದುಕಿರಬೇಕು."

"ಇದು ಅಪ್ಪಣೆಯಾ?"

ಕೋಟೆಯನ್ನೇ ನಡುಗಿಸುವ ಆ ದನಿ ಹುಟ್ಟಿದ ಮೇಲೆ ಮೊದಲ ಸಲ ಪಿಸುಮಾತಾಯಿತು.

"ಅಲ್ಲ... ಬೇಡ್ಕೋತಿದೀನಿ."